ಅಡಿಕೆ ಮರ ಹತ್ತುವ ಕೊನೆಗೌಡರನ್ನು ದೋಟಿಗೆ ಒಗ್ಗಿಸುವುದು ಹೇಗೆ?

ತೀರ್ಥಹಳ್ಳಿ ಕಡೆಯವರೊಬ್ಬರ ಪ್ರಶ್ನೆ: ನೆಲದಲ್ಲಿ ನಿಂತೇ ಅಡಿಕೆ ಕೊನೆ (ಗೊನೆ) ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ತಂದಿದ್ದೇವೆ, ಮರ ಹತ್ತಿ ಕೊನೆ ಇಳಿಸುವ ಹಳಬರು ಮುಟ್ಟುತ್ತಲೇ ಇಲ್ಲ, ತಂಡ ಒಡೆಯುವ ಹಾಗಿದೆ, ಏನು ಮಾಡಲಿ?

ಅದು ಹಟ ಅಲ್ಲ, ಭಯ. ವರ್ಷಗಟ್ಟಲೆ ಮರದಿಂದ ಮರಕ್ಕೆ ದಾಟಿದವರು ದೋಟಿ ಹಿಡಿದ ದಿನ ಹೊಸಬರಾಗಿಬಿಡುತ್ತಾರೆ. ಕೋಲು ಬಳುಕುತ್ತದೆ, ಕುತ್ತಿಗೆ ನೋಯುತ್ತದೆ, ಕತ್ತಿ ಕೊನೆಯ ಬುಡಕ್ಕೆ ಕೂರುವುದೇ ಇಲ್ಲ. ಹುಡುಗರೆದುರು ಹೀಗಾದರೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ?

ಮೊದಲು ಕೂಲಿ ಸರಿಮಾಡಿ. ಕೊನೆ ಲೆಕ್ಕದಲ್ಲಿ ಕೊಡುತ್ತಿದ್ದರೆ ಮೊದಲ ಎರಡು ವಾರ ದಿನಗೂಲಿ ಕೊಡಿ. ಕಲಿಯುವಾಗ ಕೊನೆ ಕಡಿಮೆ ಬೀಳುತ್ತದೆ, ಆ ನಷ್ಟ ಅವರ ತಲೆ ಮೇಲೆ ಬರಬಾರದು. ನನ್ನ ಪ್ರಕಾರ ಉಳಿದ ಎಲ್ಲಾ ಮಾತಿಗಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ಕಲಿಕೆ ಗಿಡ್ಡ ಮರಗಳಿಂದ, ಕೊಯ್ಲಿನ ಹೊತ್ತಲ್ಲಿ ಶುರುವಾಗಲಿ. ಮಳೆಗಾಲ ಬೇಡ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ದೋಟಿಯಲ್ಲಿ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡುವುದೇ ಅಪರೂಪ, ಆಗ ತಪ್ಪು ಮಾಡಿ ಕಲಿಯಲು ಸಮಯ ಇರುವುದಿಲ್ಲ.

ಹಳಬರ ಕಣ್ಣನ್ನು ಬಿಟ್ಟುಕೊಡಬೇಡಿ. ಬೇಯಿಸುವ ಕೆಂಪಡಿಕೆಗೆ ಯಾವ ಕೊನೆ ಹದಕ್ಕೆ ಬಂದಿದೆ, ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸುವ ಚಾಲಿಗೆ ಯಾವುದು ಹಣ್ಣಾಗಬೇಕು ಅಂತ ಹೇಳುವವರು ಅವರೇ. ದೋಟಿ ಹುಡುಗರ ಕೈಯಲ್ಲಿರಲಿ, ತೀರ್ಮಾನ ಅವರದ್ದಿರಲಿ. ಕೆಲವು ದಿನ ಕಳೆದ ಮೇಲೆ, "ಕೊಡೋ ಇಲ್ಲಿ" ಅಂತ ಅವರೇ ಕೈ ಚಾಚುವುದನ್ನು ನಾನು ನೋಡಿದ್ದೇನೆ.

ಹತ್ತಲೇಬೇಕು ಅನ್ನುವವರಿಗೆ ದೋಟಿ ನಿಲುಕದ ಎತ್ತರದ ಮರ ಬಿಡಿ.