ಓದುಗರ ಪ್ರಶ್ನೆ: ನಮ್ಮೂರ ಗ್ಯಾಲರಿ, ಅದರ ಲೆಕ್ಕ, ಅದರ ಚರಿತ್ರೆ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲಾವಿದರೇ ಸೇರಿ ನಡೆಸುವ ಗ್ಯಾಲರಿಗಳ ಬಗ್ಗೆ ಇದ್ದವು. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಐದಾರು ಮಂದಿ ಕಲಾವಿದರು ಸೇರಿ ಹತ್ತು ವರ್ಷದ ಮೇಲಾಯಿತು, ಸಣ್ಣದೊಂದು ಗ್ಯಾಲರಿ ನಡೆಸಿಕೊಂಡು ಬಂದಿದ್ದೇವೆ. ಅದರ ಚರಿತ್ರೆಯನ್ನು ಪುಸ್ತಿಕೆ ಮಾಡುವ ವಿಚಾರವಿದೆ. ಆಮಂತ್ರಣ, ಫೋಟೊ, ರಸೀದಿ ಎಲ್ಲ ಒಂದು ಟ್ರಂಕಿನಲ್ಲಿ ಕಲಸಿಕೊಂಡಿವೆ. ಎಲ್ಲಿಂದ ಹಿಡಿಯಬೇಕು?
(ಟಿಳಕವಾಡಿ, ಬೆಳಗಾವಿ)

ಉತ್ತರ: ಬರೆಯುವುದಕ್ಕೆ ಕೂಡಬೇಡಿ. ಮೊದಲು ಒಂದು ಪಟ್ಟಿ ಮಾಡಿ. ಒಂದು ಪ್ರದರ್ಶನಕ್ಕೆ ಒಂದು ಸಾಲು: ಶುರುವಾದ ದಿನ, ಮುಗಿದ ದಿನ, ಆಮಂತ್ರಣದಲ್ಲಿದ್ದಂತೆಯೇ ಶೀರ್ಷಿಕೆ, ಕಲಾವಿದರು, ಕೃತಿಗಳ ಸಂಖ್ಯೆ, ಮಾಧ್ಯಮ, ಖರ್ಚು ಯಾರು ಕೊಟ್ಟರು, ಏನು ಮಾರಾಟವಾಯಿತು, ಮತ್ತು ಕೊನೆಯ ಕಾಲಮ್ಮಿನಲ್ಲಿ ಈ ಮಾಹಿತಿ ಯಾವ ಕಾಗದದಿಂದ ಬಂತು ಎಂಬುದು. ಗೊತ್ತಿಲ್ಲದ ಮನೆ ಖಾಲಿ ಇರಲಿ. ಅಂದಾಜಿನಿಂದ ತುಂಬಿದರೆ ಎರಡು ವರ್ಷದ ನಂತರ ಅದು ಅಂದಾಜೋ ದಾಖಲೆಯೋ ನಿಮಗೇ ಗೊತ್ತಾಗುವುದಿಲ್ಲ.

ಎಲ್ಲ ಕಾಗದವನ್ನೂ ಒಂದೇ ಸಮ ನಂಬಬೇಡಿ. ಆಮಂತ್ರಣ ಹೇಳುವುದು ನಡೆಯಬೇಕಿದ್ದ ದಿನವನ್ನು. ಉದ್ಘಾಟಕರು ಬರಲಿಲ್ಲವೆಂದು ಮುಂದೆ ಹೋದ ಕಾರ್ಯಕ್ರಮ ಅದರಲ್ಲಿ ಇರುವುದಿಲ್ಲ. ಪತ್ರಿಕೆಯ ವರದಿ ಸಾಮಾನ್ಯವಾಗಿ ಮರುದಿನದ್ದು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಭಿಪ್ರಾಯ ಪುಸ್ತಕ, ಯಾಕೆಂದರೆ ಬಂದವರು ಅವತ್ತೇ ತಮ್ಮ ಕೈಯಾರೆ ತಾರೀಖು ಹಾಕಿರುತ್ತಾರೆ. ಡಿಜಿಟಲ್ ಫೋಟೊದ ಒಳಗಿನ ತಾರೀಖನ್ನು ಸುಮ್ಮನೆ ಒಪ್ಪಬೇಡಿ. ಬ್ಯಾಟರಿ ಪೂರ್ತಿ ಇಳಿದ ಹಳೆಯ ಕ್ಯಾಮೆರಾ ತನ್ನ ಗಡಿಯಾರವನ್ನು ಕಂಪನಿ ಇಟ್ಟ ಆರಂಭದ ತಾರೀಖಿಗೆ ಒಯ್ದುಬಿಡುತ್ತದೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರದ ಹೆಸರಿನಲ್ಲಿರುವ ಅಂಕಿ ಚಿತ್ರ ನಿಮ್ಮ ಫೋನಿಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಮೇಲಾಗಿ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿರುತ್ತದೆ, ಮುದ್ರಣಕ್ಕೆ ಸಾಲುವುದಿಲ್ಲ. ತೆಗೆದವರ ಬಳಿ ಮೂಲ ಫೈಲು ಇದೆಯೇ ಎಂದು ಈಗಲೇ ಕೇಳಿ.

ಬೆಳಗಾವಿಯಲ್ಲಿ ಇನ್ನೊಂದು ತೊಡಕಿದೆ. ಒಂದೇ ಪ್ರದರ್ಶನದ ಸುದ್ದಿ ಕನ್ನಡ ಪತ್ರಿಕೆಯಲ್ಲೂ ಮರಾಠಿ ಪತ್ರಿಕೆಯಲ್ಲೂ ಬಂದಿರುತ್ತದೆ. ಒಂದರಲ್ಲಿ ಕಲಾವಿದರ ಹೆಸರಿಗೆ ಇನಿಶಿಯಲ್, ಇನ್ನೊಂದರಲ್ಲಿ ಅಡ್ಡಹೆಸರು. ಅದು ಒಬ್ಬರೇ ಎಂದು ಖಾತ್ರಿಯಾದ ಮೇಲೆ ಎರಡೂ ರೂಪಗಳನ್ನು ಒಂದೇ ಸಾಲಿನಲ್ಲಿ ಬರೆದಿಡಿ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ಕಂಪ್ಯೂಟರಿನಲ್ಲಿ ಹಳೆಯ ಮಿಂಚಂಚೆ, ಕಡತ ಹುಡುಕುವಾಗ ಬೆಲ್ಗಾಮ್ ಎಂದೂ ಹುಡುಕಿ. ವಿಜಯಪುರದವರಿಗೂ ಇದೇ ಮಾತು.

ಮೊದಲು ಉಳಿಸಬೇಕಾದದ್ದು ರಸೀದಿ. ಮಷಿನ್ನಿನಿಂದ ಬರುವ ನುಣುಪಾದ ರಸೀದಿಯಲ್ಲಿ ಶಾಯಿಯೇ ಇಲ್ಲ, ಕಾಗದ ಶಾಖಕ್ಕೆ ಕಪ್ಪಾಗಿರುವುದಷ್ಟೆ. ಕೆಲವು ವರ್ಷದಲ್ಲಿ ಬಿಳಿ ಹಾಳೆ ಉಳಿಯುತ್ತದೆ. ಇವತ್ತೇ ಜೆರಾಕ್ಸ್ ಮಾಡಿಸಿ. ಪಿನ್ನು, ಸ್ಟೇಪಲ್ ತೆಗೆಯಿರಿ. ಬೆಳಗಾವಿ ಮಳೆಗಾಲಕ್ಕೆ ಅವು ತುಕ್ಕು ಹಿಡಿದು ಕಾಗದ ತಿನ್ನುತ್ತವೆ. ಪತ್ರಿಕೆ ಕತ್ತರಿಕೆಗಳನ್ನು ಲ್ಯಾಮಿನೇಶನ್ ಮಾಡಿಸುವ ಚಟ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಶಾಖ ಕೊಟ್ಟು ಅಂಟಿಸಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸಲಾಗದು, ಒಳಗಿನ ಆಮ್ಲ ಒಳಗೇ ಕೆಲಸ ಮಾಡುತ್ತಿರುತ್ತದೆ. ಮುದ್ರಿತ ಕಾಗದವನ್ನು 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ), ಪೋಸ್ಟ್‌ಕಾರ್ಡ್ ಅಳತೆಗಿಂತ ಚಿಕ್ಕ ಫೋಟೊಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಗುಣಮಟ್ಟ ಕಳೆಯದ ಟಿಫ್ ಫೈಲಾಗಿ ಇಡಿ, ಕಳಿಸಲು ಜೆಪೆಗ್ ಮಾಡಿಕೊಳ್ಳಿ. ಫೈಲಿನ ಹೆಸರು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಶುರುವಾದರೆ ತಾನೇ ಸಾಲಾಗಿ ಕೂಡುತ್ತದೆ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ.

ಆಮೇಲೆ ಮಾತು. ಸದಸ್ಯರನ್ನು ಒಬ್ಬೊಬ್ಬರನ್ನಾಗಿ ರೆಕಾರ್ಡ್ ಮಾಡಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ದೊಡ್ಡ ದನಿಯವರು ಮಾತಾಡುತ್ತಾರೆ, ಉಳಿದವರು ಹೌದೆನ್ನುತ್ತಾರೆ. ‘ಏನು ನೆನಪಿದೆ?’ ಎಂದರೆ ಭಾಷಣ ಬರುತ್ತದೆ. ಆಮಂತ್ರಣ ಕೈಗೆ ಕೊಟ್ಟು ‘ಈ ಪ್ರದರ್ಶನಕ್ಕೆ ಲೈಟು ಎಲ್ಲಿಂದ ತಂದಿರಿ? ಆ ತಿಂಗಳ ಬಾಡಿಗೆ ಯಾರು ಕಟ್ಟಿದರು?’ ಎಂದು ಕೇಳಿ. ಜಗಳವಾಡಿ ಬಿಟ್ಟುಹೋದವರನ್ನೂ ಕೇಳಿ, ಕರಡನ್ನು ಅವರಿಗೂ ತೋರಿಸಿ. ಉಳಿದವರು ಮಾತ್ರ ಇರುವ ಪುಸ್ತಿಕೆ ಸ್ಮರಣ ಸಂಚಿಕೆ ಆದೀತು, ಚರಿತ್ರೆ ಆಗಲಾರದು.

ಮುದ್ರಣಕ್ಕೆ ಮುನ್ನ ಒಪ್ಪಿಗೆ ಪತ್ರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಮಾರಿದ ಮಾತ್ರಕ್ಕೆ ಹಕ್ಕು ಮಾರಿದಂತಲ್ಲ. ಕೊಂಡವರದ್ದು ಕ್ಯಾನ್ವಾಸು, ಅಚ್ಚು ಹಾಕುವ ಹಕ್ಕು, ಬರೆದುಕೊಡದಿದ್ದರೆ, ಕಲಾವಿದರದ್ದೇ. ಅವರು ತೀರಿಕೊಂಡ ಮೇಲೂ 60 ವರ್ಷ ವಾರಸುದಾರರದ್ದು. ಫೋಟೊ ತೆಗೆದವರ ಒಪ್ಪಿಗೆ ಬೇರೆ.

ಪ್ರಶ್ನೆ: ನನ್ನ ಪ್ರಬಂಧಕ್ಕಾಗಿ ಕೇಳುತ್ತಿದ್ದೇನೆ. ಸರ್ಕಾರದ್ದಲ್ಲದ, ಪೂರ್ತಿ ವ್ಯಾಪಾರದ್ದೂ ಅಲ್ಲದ ಇಂಥ ಗ್ಯಾಲರಿಗಳು ಯಾವಾಗ ಶುರುವಾದವು?
(ಚಿತ್ರಕಲಾ ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ಹಿಂದಕ್ಕೆ ಹೋದರೆ ಮುಂಬೈಯ ಕೆಮೋಲ್ಡ್ ನೋಡಬೇಕು. ಕೇಕೂ ಗಾಂಧಿ 1941ರಲ್ಲಿ ಶುರು ಮಾಡಿದ್ದು ಚಿತ್ರದ ಚೌಕಟ್ಟಿನ ವ್ಯಾಪಾರ. 1963ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಮೊದಲ ಮಹಡಿಯಲ್ಲಿ ಗ್ಯಾಲರಿ ತೆರೆದರು. 2007ರಲ್ಲಿ ಅದು ಪ್ರೆಸ್ಕಾಟ್ ರಸ್ತೆಗೆ ಹೋಯಿತು. ಅದು ವಾಣಿಜ್ಯ ಗ್ಯಾಲರಿಯೇ, ಆದರೆ ಚೌಕಟ್ಟಿನ ಅಂಗಡಿಯಿಂದ ಗ್ಯಾಲರಿ ಹುಟ್ಟಬಹುದು ಎಂಬುದು ನಮ್ಮ ಜಿಲ್ಲಾ ಕೇಂದ್ರಗಳ ಫ್ರೇಮಿನವರು ಗಮನಿಸಬೇಕಾದ ಸಂಗತಿ.

ಕಲಾವಿದರೇ ನಡೆಸುವ ಜಾಗಗಳಿಗೆ ದೇಶದಲ್ಲಿ ಬಲ ಬಂದದ್ದು 1997ರಲ್ಲಿ ದೆಹಲಿ ಸೀಮೆಯಲ್ಲಿ ಕಲಾವಿದರೇ ನಡೆಸಿದ ‘ಖೋಜ್’ ಕಾರ್ಯಾಗಾರ ಶುರುವಾದ ಮೇಲೆ. ಬೆಂಗಳೂರಿನಲ್ಲಿ 2001ರಲ್ಲಿ ಕಲಾವಿದರೇ ನಡೆಸುವ ‘ಬಾರ್1’ ಬಂತು. 2003ರಲ್ಲಿ ಸುರೇಶ್ ಜಯರಾಮ್ ಅವರ ಮನೆಯೊಳಗೇ ‘ನಂ. 1 ಶಾಂತಿರೋಡ್’ ಶುರುವಾಯಿತು: ಪ್ರದರ್ಶನ, ಮಾತುಕತೆ, ಹೊರಗಿನ ಕಲಾವಿದರಿಗೆ ಉಳಿದು ಕೆಲಸ ಮಾಡುವ ಅವಕಾಶ, ಎಲ್ಲ ಒಂದೇ ಸೂರಿನಡಿ. 2009ರಲ್ಲಿ ‘ಸಮೂಹ’ ಎಂಬ ಗುಂಪು ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ಜಾಗ ಹಿಡಿದು, ಇಷ್ಟು ದಿನ ಮಾತ್ರ ಎಂದು ಮೊದಲೇ ಗೊತ್ತು ಮಾಡಿಕೊಂಡು, ವರ್ಷದ ಮೇಲೆ ನಡೆಸಿ ಮುಗಿಸಿತು. ಶಾಂತಿರೋಡ್, ಸಮೂಹ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದಕ್ಕೆ ಮನೆಯೇ ಜಾಗವಾಯಿತು, ಬಾಡಿಗೆಯ ಭಯವಿಲ್ಲ; ಇನ್ನೊಂದು ಕೊನೆಯ ದಿನವನ್ನು ತಾನೇ ಬರೆದುಕೊಂಡಿತು. ಇವೆರಡೂ ಇಲ್ಲದೆ, ಬಾಡಿಗೆ ಜಾಗದಲ್ಲಿ ‘ನಡೆದಷ್ಟು ದಿನ ನಡೆಯಲಿ’ ಎಂದು ಹೊರಟವು ಸದ್ದಿಲ್ಲದೆ ಮುಚ್ಚಿಹೋಗುವುದೇ ಹೆಚ್ಚು. 2016ರಲ್ಲಿ ಬೆಂಗಳೂರಿನಲ್ಲಿರುವ ಸರ್ಕಾರದ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವುದರ ವಿರುದ್ಧ ಕಲಾವಿದರು ಬೀದಿಗಿಳಿದಾಗಲೂ ಮೂಲ ಪ್ರಶ್ನೆ ಇದೇ ಆಗಿತ್ತು: ಕಡಿಮೆ ಬಾಡಿಗೆಗೆ ಯಾರಿಗಾದರೂ ಸಿಗುವ ಗೋಡೆ ಉಳಿಯುತ್ತದೆಯೇ?

ನಮ್ಮ ಭಾಗದಲ್ಲಿ ಗ್ಯಾಲರಿಗಿಂತ ಮೊದಲು ಬಂದದ್ದು ಶಾಲೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರ ಚಿತ್ರಕಲಾ ಶಾಲೆ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ಅವರ ಚಿತ್ರಮಂದಿರ. ಚಿತ್ರಕಾರ ರವಿ ಪರಾಂಜಪೆ ಅಂಥವರು ಕಲಿತದ್ದು ಕುಲಕರ್ಣಿಯವರ ಬಳಿಯೇ. ನಿಮ್ಮ ಪ್ರಬಂಧವನ್ನು ಅಲ್ಲಿಂದ ಎತ್ತಿಕೊಂಡರೆ ಬೆಂಗಳೂರಿನ ಕತೆಯನ್ನೇ ಮತ್ತೆ ಹೇಳುವುದು ತಪ್ಪೀತು.

ಪ್ರಶ್ನೆ: ಹೊಸ ಗ್ಯಾಲರಿಗೆ ತಿಂಗಳಿಗೆ ಎಷ್ಟು ಬೇಕಾದೀತು? ಕಮಿಷನ್ ಮೇಲೆ ನಡೆದೀತೇ?
(ನವನಗರ, ಬಾಗಲಕೋಟೆ)

ಉತ್ತರ: ಕಮಿಷನ್ ಒಂದರ ಮೇಲೆ ನಡೆಯುವುದಿಲ್ಲ. ಉದಾಹರಣೆಗೆ ಲೆಕ್ಕ ಹಾಕಿ: ಬಾಡಿಗೆ 12,000, ಕರೆಂಟು 2,500, ಬಾಗಿಲು ತೆಗೆದು ಕೂಡುವವರಿಗೆ 10,000, ಆಮಂತ್ರಣ, ಚಹಾ, ಮೊಳೆ, ಬಣ್ಣಕ್ಕೆ 3,500. ಒಟ್ಟು 28,000 ರೂಪಾಯಿ. ನಿಮ್ಮ ಪಾಲು ಶೇ 30 ಇದ್ದರೆ ತಿಂಗಳಿಗೆ 93,000ಕ್ಕೂ ಮೇಲೆ ಮಾರಾಟವಾಗಬೇಕು. 15,000ದ ಚಿತ್ರ ಆರೇಳು. ಜಿಲ್ಲಾ ಊರಿನಲ್ಲಿ ಪ್ರತಿ ತಿಂಗಳು ಅದು ಆಗದ ಮಾತು. ಮಹಾನಗರದ ಗ್ಯಾಲರಿಗಳಂತೆ ಶೇ 50 ಹಿಡಿದರೆ ಕಲಾವಿದರು ಮನೆಯಿಂದಲೇ ಮಾರುತ್ತಾರೆ.

ಆದ್ದರಿಂದ ಗ್ಯಾಲರಿಯನ್ನು ಬೇರೆ ದುಡಿಮೆಯ ಜೊತೆಗೆ ಕಟ್ಟಿ. ಹಿಂದಿನ ಕೋಣೆಯಲ್ಲಿ ಫ್ರೇಮು ಕೆಲಸ, ಶನಿವಾರ ಭಾನುವಾರ ಚಿತ್ರಕಲಾ ತರಗತಿ, ಬೇರೆಯವರಿಗೆ ಹತ್ತು ದಿನದ ಲೆಕ್ಕದಲ್ಲಿ ಬಾಡಿಗೆಗೆ ಗೋಡೆ. ವರ್ಷಕ್ಕೆ ಹನ್ನೆರಡು ಪ್ರದರ್ಶನದ ಹಟ ಬಿಟ್ಟು ನಾಲ್ಕೈದು ಮಾಡಿ. ಮುಖ್ಯವಾಗಿ ಒಂಬತ್ತು ತಿಂಗಳ ಬಾಡಿಗೆ ಕೈಯಲ್ಲಿ ಇಲ್ಲದೆ ಕರಾರಿಗೆ ಸಹಿ ಹಾಕಬೇಡಿ. ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಲು, ಬಣ್ಣ ಬದಲಿಸಲು ಒಪ್ಪಿಗೆ ಬರೆಸಿಕೊಳ್ಳಿ. ಡಿಪಾಸಿಟ್ ಮರಳಿಸುವ ಹೊತ್ತಿಗೆ ಜಗಳ ಬರುವುದು ಅಲ್ಲೇ.

ಸೊಸೈಟಿ ಮಾಡುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಮಂದಿ ಬೇಕು, ವರ್ಷ ವರ್ಷ ಸಭೆ ನಡೆಸಿ ಲೆಕ್ಕ ಸಲ್ಲಿಸಬೇಕು. ಎರಡು ವರ್ಷ ಬಿಟ್ಟರೆ ಮೂರನೆಯ ವರ್ಷ ಅನುದಾನದ ಅರ್ಜಿ ತುಂಬುವಾಗ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಚಿತ್ರ ಮಾರಾಟಕ್ಕೆ ಜಿಎಸ್‌ಟಿ ಎಷ್ಟು?
(ಜಮಖಂಡಿ)

ಉತ್ತರ: ಕೈಯಿಂದ ಬರೆದ ಚಿತ್ರಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5. ಸರಕು ಮಾತ್ರ ಮಾರುವವರಿಗೆ ರಾಜ್ಯದೊಳಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಕೊಲ್ಹಾಪುರ, ಪುಣೆಯ ಗಿರಾಕಿಗೆ ಕಳಿಸಿದರೆ ಅದು ಹೊರರಾಜ್ಯದ ಮಾರಾಟ, ನಿಯಮ ಬೇರೆ. ಗಡಿ ಜಿಲ್ಲೆಯವರು ಮೊದಲ ಬಿಲ್ಲಿಗೆ ಮುಂಚೆಯೇ ಆಡಿಟರನ್ನು ಕಾಣುವುದು ಒಳ್ಳೆಯದು.

ಪ್ರಶ್ನೆ: ಮಳೆಗಾಲ ಬಂದರೆ ಜಲವರ್ಣ ಚಿತ್ರಗಳಿಗೆ ಬೂಷ್ಟು ಹಿಡಿಯುತ್ತದೆ. ಡಾಂಬರ್ ಗುಳಿಗೆ ಇಟ್ಟರೂ ನಿಲ್ಲುತ್ತಿಲ್ಲ.
(ಶಹಾಪುರ, ಬೆಳಗಾವಿ)

ಉತ್ತರ: ಡಾಂಬರ್ ಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಕೋಣೆಯ ಆರ್ದ್ರತೆ ಶೇ 65 ದಾಟಿ ಹಲವು ದಿನ ನಿಂತರೆ ಬೂಷ್ಟು ಏಳುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತಾಮಾಪಕ ತಂದು ಗೋಡೆಗೆ ಹಾಕಿ, ದಿನಕ್ಕೆರಡು ಸಲ ಬರೆದುಕೊಳ್ಳಿ. ಯಾವ ಗೋಡೆ ಅಪರಾಧಿ ಎಂದು ವಾರದಲ್ಲಿ ತಿಳಿಯುತ್ತದೆ. ಮಳೆ ಬಡಿಯುವ ಹೊರಗೋಡೆಗೆ ಕಾಗದದ ಕೃತಿ ಬೇಡವೇ ಬೇಡ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಸೆಂಟಿಮೀಟರ್ ದಪ್ಪದ ರಬ್ಬರ್ ಬಿಲ್ಲೆ ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲಿ. ಚಿತ್ರ ಗಾಜಿಗೆ ತಾಗಬಾರದು. ಮೌಂಟ್ ಬೋರ್ಡಿನ ಅಂತರ ಇರಲಿ, ಅದೂ ಆಮ್ಲರಹಿತವಾದದ್ದು. ಹಿಂದೆ ಹಾರ್ಡ್‌ಬೋರ್ಡ್ ನೇರವಾಗಿ ತಾಗಿಸಿದರೆ ವರ್ಷಗಳಲ್ಲಿ ಕಂದು ಕಲೆ ಇಳಿಯುತ್ತದೆ. ಸಿಲಿಕಾ ಜೆಲ್ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಉಪಯೋಗ, ತೆರೆದ ಕೋಣೆಯಲ್ಲಿ ದಂಡ. ಹಗಲು ಎಸಿ ಹಾಕಿ ರಾತ್ರಿ ಆರಿಸುವುದು ಎಸಿ ಇಲ್ಲದ್ದಕ್ಕಿಂತ ಕೆಟ್ಟದು: ತಣ್ಣಗಾದ ಗಾಜಿನ ಮೇಲೆ ತೇವ ಕೂಡುತ್ತದೆ.

ಹಿಡಿದೇಬಿಟ್ಟಿದ್ದರೆ ಆ ಚಿತ್ರವನ್ನು ಉಳಿದವುಗಳಿಂದ ಬೇರೆ ಮಾಡಿ, ಚೌಕಟ್ಟು ಬಿಚ್ಚಿ ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಎನ್95 ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆಯ ಕುಂಚದಿಂದ ಒಂದೇ ದಿಕ್ಕಿಗೆ ಜಾಡಿಸಿ. ಹಸಿ ಇರುವಾಗ ಒರೆಸಿದರೆ ಬೂಷ್ಟು ನಾರಿನೊಳಕ್ಕೆ ಮೆತ್ತುತ್ತದೆ. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ.

ಪ್ರಶ್ನೆ: ಹಳೆಯ ಕಲ್ಲಿನ ಮನೆಯ ಪಡಸಾಲೆಯಲ್ಲಿ ಪ್ರದರ್ಶನ ಇಡಬೇಕೆಂದಿದ್ದೇವೆ. ಗೋಡೆಗೆ ಮೊಳೆ ಇಳಿಯುವುದಿಲ್ಲ.
(ಇಳಕಲ್)

ಉತ್ತರ: ಇಳಿಸಲೇಬೇಡಿ. 12 ಎಂಎಂ ಪ್ಲೈವುಡ್ಡಿನ 8×4 ಅಡಿ ಹಾಳೆಯನ್ನು 2×2 ಇಂಚಿನ ಮರದ ಚೌಕಟ್ಟಿಗೆ ಬಡಿದು, ಹಿಂದೆ ತ್ರಿಕೋನದ ಕಾಲು ಕೊಟ್ಟು, ಕಾಲಿನ ಮೇಲೆ ಮರಳಿನ ಚೀಲ ಇಟ್ಟು ನಿಲ್ಲಿಸಿ. ಹೊಳಪಿಲ್ಲದ ಬಿಳಿ ಎಮಲ್ಷನ್ ಎರಡು ಕೈ. ಮುಗಿದ ಮೇಲೆ ಬಿಚ್ಚಿ ಒಯ್ಯಬಹುದು, ಮನೆಯವರೂ ಖುಷಿ.

ಚಿತ್ರದ ನಡುಭಾಗ ನೆಲದಿಂದ 58 ಇಂಚಿಗೆ ಬರಲಿ. ಕೊಕ್ಕೆಯ ಲೆಕ್ಕ: 58ಕ್ಕೆ ಚಿತ್ರದ ಅರ್ಧ ಎತ್ತರ ಕೂಡಿಸಿ, ಹಿಂದಿನ ದಾರವನ್ನು ನಡುವೆ ಹಿಡಿದು ಮೇಲಕ್ಕೆ ಬಿಗಿದಾಗ ಅದರ ತುದಿಯಿಂದ ಚೌಕಟ್ಟಿನ ಮೇಲಂಚಿನವರೆಗಿನ ಅಂತರ ಕಳೆಯಿರಿ. 24 ಇಂಚಿನ ಚಿತ್ರಕ್ಕೆ ದಾರ 3 ಇಂಚು ಕೆಳಗಿದ್ದರೆ 58+12−3, ಅಂದರೆ 67 ಇಂಚು. ಒಂದು ಕೊಕ್ಕೆಯ ಬದಲು ಎರಡು ಹಾಕಿದರೆ ಚಿತ್ರ ವಾಲುವುದಿಲ್ಲ.

ಹತ್ತಡಿ ಎತ್ತರದ ಮಾಳಿಗೆಯಾದರೆ ದೀಪವನ್ನು ಪ್ಯಾನೆಲ್ಲಿನಿಂದ ಮೂರಡಿ ಮುಂದೆ ಕಟ್ಟಿ. ಬೆಳಕು ನೇರ ಕೆಳಗಿನ ಗೆರೆಯಿಂದ 30 ಡಿಗ್ರಿ ಓರೆಯಾಗಿ ಬಿದ್ದು ಗಾಜು ಮಿಂಚುವುದಿಲ್ಲ. ಎಲ್‌ಇಡಿ 3000ದಿಂದ 3500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕ) 90 ಅಥವಾ ಹೆಚ್ಚು ಎಂದಿರಲಿ. ಇಲ್ಲದಿದ್ದರೆ ಕೆಂಪು ಬಣ್ಣ ಮಂಕಾಗುತ್ತದೆ. ತೈಲವರ್ಣಕ್ಕೆ 200 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ಕಾಗದಕ್ಕೆ 50 ಸಾಕು. ನಿಮ್ಮೂರಿನ ಪಾಲಿಶ್ ಮಾಡಿದ ಕೆಂಪು ಗ್ರಾನೈಟ್ ನೆಲವಿದ್ದರೆ ಬೆಳಕು ಅದರಿಂದ ಪುಟಿದು ಬಿಳಿ ಪ್ಯಾನೆಲ್ಲಿನ ಕೆಳಭಾಗ ಕೆಂಪೇರುತ್ತದೆ. ಬೂದು ಬಣ್ಣದ ಜಮಖಾನೆ ಹಾಸಿ.

ಪ್ರಶ್ನೆ: ತೈಲಚಿತ್ರಗಳನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದಾಗ ಮೇಲೆಲ್ಲ ಗುಳ್ಳೆಯ ಗುರುತು ಬಿದ್ದಿತ್ತು. ಯಾಕೆ?
(ಸ್ಟೇಷನ್ ರಸ್ತೆ, ವಿಜಯಪುರ)

ಉತ್ತರ: ಬಬಲ್ ರ‍್ಯಾಪನ್ನು ನೇರವಾಗಿ ಬಣ್ಣದ ಮೇಲೆ ಸುತ್ತಿದ್ದರಿಂದ. ತೈಲವರ್ಣ ಮುಟ್ಟಿದರೆ ಒಣಗಿದಂತೆ ಕಂಡರೂ ದಪ್ಪಗೆ ಹಚ್ಚಿದ ಕಡೆ ತಿಂಗಳುಗಟ್ಟಲೆ ಒಳಗೆ ಮೆತ್ತಗಿರುತ್ತದೆ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಡಿಕ್ಕಿಯ ಸೆಖೆಯೂ ಸೇರಿದರೆ ಕೇಳಬೇಕೇ? ಮೊದಲು ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದ, ಅದರ ಮೇಲೆ ಬಬಲ್ ರ‍್ಯಾಪ್ ಗುಳ್ಳೆ ಹೊರಮುಖ ಮಾಡಿ, ನಾಲ್ಕು ಮೂಲೆಗೆ ಥರ್ಮಾಕೋಲ್, ಎರಡೂ ಮಗ್ಗುಲಿಗೆ ಚಿತ್ರಕ್ಕಿಂತ ಎರಡು ಇಂಚು ದೊಡ್ಡದಾದ ರಟ್ಟು. ಎರಡು ಚಿತ್ರ ಕೂಡಿಸಿ ಕಟ್ಟುವುದಾದರೆ ಮುಖಕ್ಕೆ ಮುಖ, ನಡುವೆ ಮೂಲೆಗಳಲ್ಲಿ ಮಾತ್ರ ದಪ್ಪನೆಯ ಫೋಮ್ ತುಂಡು. ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಮೇಲೆ ಯಾರದೋ ಜೋಳದ ಚೀಲ ಬಂದು ಕೂಡುತ್ತದೆ. ಕಟ್ಟುವ ಮೊದಲು ಪ್ರತಿ ಚಿತ್ರದ ಮುಂದು, ಹಿಂದು, ನಾಲ್ಕೂ ಮೂಲೆಯ ಫೋಟೊ ತೆಗೆದು ಕಳಿಸಿರಿ. ಅಲ್ಲಿ ಬಿಚ್ಚುವವರೂ ತೆಗೆದು ಮರಳಿ ಕಳಿಸಲಿ. ಈಗ ಬಿದ್ದಿರುವ ಗುರುತುಗಳನ್ನು ಬಿಸಿ ಕೊಟ್ಟು ಸರಿಮಾಡಲು ಹೋಗಬೇಡಿ. ವಾರ್ನಿಶ್ ಮಾತ್ರ ಒತ್ತಿದ್ದರೆ ಅದನ್ನು ತೆಗೆದು ಮತ್ತೆ ಹಚ್ಚಬಹುದು, ಬಣ್ಣವೇ ಒತ್ತಿದ್ದರೆ ಬರೆದವರೇ ಆ ಭಾಗ ತಿದ್ದಬೇಕು.