ಬಿದ್ದ ಮೇಲೆ ನಡುಗುವ ಆರ್‌ಸಿ ಹೆಲಿಕಾಪ್ಟರ್‌: ರಿಪೇರಿ ಎಲ್ಲಿಂದ ಶುರು ಮಾಡೋದು, ಚೇತಕ್ ಬಾಡಿ ಹಾಕಬಹುದಾ?

ತೀರ್ಥಹಳ್ಳಿ ಕಡೆಯಿಂದ ನೀವು ಕೇಳಿರೋದು ಇಷ್ಟು: ರಿಮೋಟ್‌ನಲ್ಲಿ ಹಾರಿಸುವ, ವಿ911 ಜಾತಿಯ ನಾಲ್ಕು ಚಾನೆಲ್‌ನ ಪುಟ್ಟ ಹೆಲಿಕಾಪ್ಟರ್‌ ಅಡಿಕೆ ಅಂಗಳದಲ್ಲಿ ಬಿತ್ತು. ಆಮೇಲಿಂದ ಮೈಯೆಲ್ಲ ನಡುಗುತ್ತೆ, ಏಳುವಾಗ ಬಾಲ ಗಿರ್ರನೆ ತಿರುಗುತ್ತೆ. ಶಿವಮೊಗ್ಗದಲ್ಲಿ ಯಾರ ಹತ್ತಿರ ಕೊಡಬೇಕು, ಸರಿಯಾದ ಮೇಲೆ ನಮ್ಮ ಸೇನೆಯ ಚೇತಕ್ ಹೆಲಿಕಾಪ್ಟರಿನಂಥ ಬಾಡಿ ಕೂರಿಸಬಹುದಾ ಅಂತ.

ಯಾರ ಹತ್ತಿರವೂ ಕೊಡಬೇಡಿ, ಮನೆಯಲ್ಲೇ ಆಗುವ ಕೆಲಸ ಇದು. ಬೆಸುಗೆ ಕೆಲಸ ಬಂದರೆ ಮಾತ್ರ ಮೊಬೈಲ್ ರಿಪೇರಿಯವರ ಸಹಾಯ ಬೇಕಾಗಬಹುದು. ಇನ್ನೊಂದು ಮಾತು, ಯಾವ ಪಾರ್ಟನ್ನೂ ಈಗಲೇ ಆರ್ಡರ್ ಮಾಡಬೇಡಿ. ನಿಮ್ಮ ಎರಡು ದೂರುಗಳೂ ಒಂದೇ ಕಾಯಿಲೆ ಆಗಿರುವ ಸಾಧ್ಯತೆ ಇದೆ. ಬಾಲದ ಮೋಟರಿಗೆ ಎಷ್ಟು ವೇಗ ಕೊಡಬೇಕು ಅಂತ ಹೇಳೋದು ಬೋರ್ಡಿನ ಮೇಲಿರುವ ಗೈರೊ, ಅಂದರೆ ಮೈ ಎಷ್ಟು ತಿರುಗುತ್ತಿದೆ ಅಂತ ಅಳೆಯುವ ಸೆನ್ಸರ್. ಹೆಲಿಕಾಪ್ಟರ್‌ ಒಂದೇ ಸಮ ನಡುಗುತ್ತಿದ್ದರೆ ಗೈರೊಗೆ ಆ ನಡುಕವೂ ತಿರುಗಾಟದ ಹಾಗೇ ಕಾಣುತ್ತೆ, ಬಾಲಕ್ಕೆ ತಪ್ಪು ಆಜ್ಞೆ ಹೋಗುತ್ತೆ. ಅದಕ್ಕೇ ಮೊದಲು ನಡುಕ ಹುಡುಕಿ, ಬಾಲದ ವಿಚಾರ ಆಮೇಲೆ.

ಹುಡುಕೋದು ಹೀಗೆ. ಎರಡೂ ದೊಡ್ಡ ರೆಕ್ಕೆಗಳ ಸ್ಕ್ರೂ ತೆಗೆದು ರೆಕ್ಕೆ ಬಿಚ್ಚಿಡಿ. ಕೆಳಗಿನ ಸ್ಟ್ಯಾಂಡನ್ನು ಗಟ್ಟಿಯಾಗಿ ಹಿಡಿದು, ಮುಖದಿಂದ ದೂರ ಇಟ್ಟುಕೊಂಡು, ಥ್ರಾಟಲ್ (ರಿಮೋಟಿನಲ್ಲಿ ವೇಗದ ಕಡ್ಡಿ) ಸ್ವಲ್ಪವೇ ಏರಿಸಿ. ಬೆರಳಿಗೆ ನಡುಕ ಗೊತ್ತಾಗದಿದ್ದರೆ ತಪ್ಪು ರೆಕ್ಕೆಯದ್ದು. ಆಗಲೂ ನಡುಗಿದರೆ ಶಾಫ್ಟ್ (ರೆಕ್ಕೆ ತಿರುಗಿಸುವ ನಡುವಿನ ಕಡ್ಡಿ), ಗೇರ್ ಅಥವಾ ರೆಕ್ಕೆ ಕೂರುವ ತಲೆಯ ಭಾಗದ್ದು. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ರೆಕ್ಕೆ, ಶಾಫ್ಟ್, ಮೋಟರ್ ಎಲ್ಲ ತರಿಸಿ ದುಡ್ಡು ಸುರಿಯುವವರೇ ಹೆಚ್ಚು.

ರೆಕ್ಕೆಯಲ್ಲಿ ನೋಡಬೇಕಾದ್ದು ಬುಡದ ತೂತಿನ ಸುತ್ತ ಬಿಟ್ಟ ಸಣ್ಣ ಬಿರುಕು. ಬೆಳಕಿಗೆ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಆ ಜಾಗ ಬೆಳ್ಳಗೆ ಕಾಣುತ್ತೆ. ಅಂಥದ್ದನ್ನು ಅಂಟು ಹಾಕಿ ಬಳಸಲೇಬೇಡಿ, ಹಾರುವಾಗ ಕಿತ್ತು ಬಂದರೆ ಕಣ್ಣಿಗೆ ಅಪಾಯ. ರೆಕ್ಕೆ ಚೆನ್ನಾಗಿದ್ದರೆ ಸ್ಕ್ರೂ ಬಿಗಿ ನೋಡಿ. ಹೆಲಿಕಾಪ್ಟರನ್ನು ಪಕ್ಕಕ್ಕೆ ವಾಲಿಸಿದಾಗ ರೆಕ್ಕೆ ತನ್ನ ಭಾರಕ್ಕೆ ತಾನೇ ಜೋಲಬೇಕು. ಬಿದ್ದ ಮೇಲೆ ಹೆದರಿ ಸ್ಕ್ರೂ ಪೂರ್ತಿ ಬಿಗಿ ಮಾಡಿದರೆ ರೆಕ್ಕೆಗಳು ತಾವಾಗಿಯೇ ಒಂದು ಸಾಲಿಗೆ ಬರಲಾರವು, ನಡುಕ ಅಲ್ಲಿಂದಲೇ ಶುರು. ಇನ್ನೊಂದು, ಎರಡು ತುದಿಗೂ ಬೇರೆ ಬೇರೆ ಬಣ್ಣದ ಮಾರ್ಕರ್ ಹಚ್ಚಿ, ದೂರದಿಂದ ಕಣ್ಣಿನ ಮಟ್ಟದಲ್ಲಿ ತಿರುಗೋದನ್ನು ನೋಡಿ. ಎರಡು ಬಣ್ಣ ಎರಡು ಎತ್ತರದಲ್ಲಿ ಕಂಡರೆ ಒಂದು ರೆಕ್ಕೆ ತಿರುಚಿದೆ ಅಂತ ಅರ್ಥ.

ಶಾಫ್ಟ್ ಆದರೆ ಹೊರತೆಗೆದು ಗಾಜಿನ ಮೇಲೆ ಉರುಳಿಸಿ. ಉಕ್ಕಿನದು ಬಾಗಿದ್ದರೆ ಕೆಳಗೆ ಬೆಳಕಿನ ಸಂದು ಬಂದು ಹೋಗಿ ಆಗುತ್ತೆ. ಕಾರ್ಬನ್ನಿನದು ಬಾಗಲ್ಲ, ಉದ್ದಕ್ಕೆ ಸೀಳುತ್ತೆ. ಉಗುರು ಆಡಿಸಿದರೆ ಎಳೆ ತಾಗುತ್ತೆ. ಎರಡನ್ನೂ ನೇರ ಮಾಡಲು ಹೋಗದೆ ಹೊಸದೇ ಹಾಕಿ. ದೊಡ್ಡ ಗೇರನ್ನು ಕೈಯಲ್ಲಿ ನಿಧಾನ ಒಂದು ಪೂರ್ತಿ ಸುತ್ತು ತಿರುಗಿಸಿ, ಒಂದೇ ಕಡೆ ಹಿಡಿದು ಬಿಟ್ಟಂತಾದರೆ ಹಲ್ಲು ಹೋಗಿದೆ. ಫ್ಲೈಬಾರ್, ಅಂದರೆ ದೊಡ್ಡ ರೆಕ್ಕೆಗೆ ಅಡ್ಡಲಾಗಿ ತಿರುಗುವ ಸಮತೋಲನದ ಕಡ್ಡಿ, ಅದರ ಸಣ್ಣ ಕೊಂಡಿ ಗುಂಡಿನಿಂದ ಕಳಚಿಕೊಂಡಿದ್ದರೂ ಇದೇ ಗೋಳು, ಒತ್ತಿ ಕೂರಿಸಿದರೆ ಮುಗಿಯಿತು.

ನಡುಕ ನಿಂತ ಮೇಲೂ ಬಾಲ ತಿರುಗಿದರೆ, ಮೂತಿ ಯಾವ ಕಡೆ ಹೋಗುತ್ತೆ ನೋಡಿ. ದೊಡ್ಡ ರೆಕ್ಕೆ ಒಂದು ಕಡೆ ತಿರುಗುವಾಗ ಮೈ ಅದರ ವಿರುದ್ಧ ದಿಕ್ಕಿಗೆ ತಿರುಗಲು ಎಳೆಯುತ್ತೆ, ಅದನ್ನು ತಡೆಯೋದೇ ಬಾಲದ ಕೆಲಸ. ಮೂತಿ ರೆಕ್ಕೆಯ ವಿರುದ್ಧ ದಿಕ್ಕಿಗೆ ಹೋದರೆ ಬಾಲಕ್ಕೆ ಶಕ್ತಿ ಸಾಲುತ್ತಿಲ್ಲ. ರೆಕ್ಕೆ ತಿರುಗುವ ಕಡೆಗೇ ನಿಧಾನ ಜಾರಿದರೆ ಟ್ರಿಮ್ (ರಿಮೋಟಿನ ಸಣ್ಣ ಹೊಂದಾಣಿಕೆ ಬಟನ್) ಅಥವಾ ಗೈರೊ ವಿಷಯ: ಬ್ಯಾಟರಿ ಸಿಕ್ಕಿಸಿದ ಕೂಡಲೇ ಸಮತಟ್ಟು ನೆಲದಲ್ಲಿ ಅಲುಗಾಡದೆ ಇಟ್ಟು, ದೀಪ ಮಿನುಗೋದು ನಿಲ್ಲೋವರೆಗೆ ಮುಟ್ಟದೆ ಕಾಯಿರಿ.

ಶಕ್ತಿ ಸಾಲದಿದ್ದರೆ ಮೊದಲು ತುಂಬಿದ ಬ್ಯಾಟರಿಯಲ್ಲಿ ನೋಡಿ. ಇದರ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಸೆಲ್ ತುಂಬಿದಾಗ 4.2 ವೋಲ್ಟ್ ಇರಬೇಕು. ಬಿದ್ದಾಗ ಪೆಟ್ಟು ತಿಂದು ಉಬ್ಬಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಬಾಲದ ಸಣ್ಣ ಫ್ಯಾನಿನ ಹಿಂದೆ ಕೂದಲು, ನೂಲು ಸುತ್ತಿಕೊಂಡಿರುತ್ತೆ, ಚಿಮಟದಲ್ಲಿ ಬಿಡಿಸಿ. ಆಮೇಲೆ ವೈರ್. ಬಾಲದ ಕಡ್ಡಿಯುದ್ದಕ್ಕೂ ಹೋಗುವ ಎರಡು ವೈರು ಕೂದಲಿನಷ್ಟು ತೆಳು, ಕಡ್ಡಿ ಬಾಡಿಗೆ ಸೇರುವ ಜಾಗದಲ್ಲೇ ತುಂಡಾಗುತ್ತೆ. ಹೊರಗಿನಿಂದ ಕಾಣೋದೇ ಇಲ್ಲ, ಮಲ್ಟಿಮೀಟರಿನ ಬೀಪ್‌ನಲ್ಲಿ ಪತ್ತೆಯಾಗುತ್ತೆ. ಅದರ ಮೇಲೆ ಎನಾಮಲ್ ಲೇಪ ಇರೋದರಿಂದ ಬ್ಲೇಡಿನಲ್ಲಿ ಕೆರೆದು ತಾಮ್ರ ಹೊಳೆದ ಮೇಲೆಯೇ ಬೆಸುಗೆ ಹಿಡಿಯೋದು. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ಹಾಕಿ, ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸಬೇಡಿ, ಬೋರ್ಡಿನ ತಾಮ್ರದ ಪದರವೇ ಎದ್ದು ಬರುತ್ತೆ. ಕೈ ನಡುಗುವವರು ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆಯಲ್ಲಿ ಮೈಕ್ರೊಸ್ಕೋಪ್ ಇಟ್ಟುಕೊಂಡು ಕೂತಿರುವ ಮೊಬೈಲ್ ರಿಪೇರಿಯವರನ್ನು ಕೇಳಿ. ಆದರೆ ಯಾವ ವೈರು ಎಲ್ಲಿಗೆ ಅಂತ ಬಿಚ್ಚುವ ಮುಂಚೆ ಫೋಟೊ ತೆಗೆದಿರಿ, ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಹೆಲಿಕಾಪ್ಟರ್‌ ಬುಗುರಿ ಆಗುತ್ತೆ.

ವೈರೂ ಸರಿ ಇದ್ದರೆ, ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದ ಮೋಟರ್. ಒಳಗೆ ಕಬ್ಬಿಣದ ತಿರುಳಿಲ್ಲದ ಈ ಕೋರ್‌ಲೆಸ್ ಮೋಟರುಗಳು ಸವೆಯೋದೇ ಸಹಜ, ಬಿಚ್ಚಿ ರಿಪೇರಿ ಮಾಡುವಂಥದ್ದಲ್ಲ. ಹೊಸದು ತರಿಸುವಾಗ ಎರಡು ತರಿಸಿಡಿ.

ನಮ್ಮ ಕಡೆ ಪ್ರತ್ಯೇಕವಾಗಿ ಹೇಳಲೇಬೇಕಾದ್ದು ಮಳೆಗಾಲದ ತೇವ. ಜೂನ್‌ನಲ್ಲಿ ಎತ್ತಿಟ್ಟದ್ದನ್ನು ದೀಪಾವಳಿಗೆ ತೆಗೆದರೆ ಕನೆಕ್ಟರಿನ ಹಿತ್ತಾಳೆ ಹಸಿರುಗಟ್ಟಿರುತ್ತೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಹೋಗುತ್ತೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಬ್ಯಾಟರಿಯನ್ನು 3.8 ವೋಲ್ಟಿನ ಸುತ್ತಮುತ್ತ ಇಟ್ಟು ಬೇರೆ ಕಡೆ ಇಡಿ. ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಲಿಪೊಗೆ ಬಿಸಿ ಆಗದು.

ಈಗ ಬಾಡಿ. ಚೇತಕ್ ಬದಲು ಚೀತಾ ಹೆಲಿಕಾಪ್ಟರಿನ ಬಾಡಿ ಮಾಡಿ ಅಂತ ನನ್ನ ಒತ್ತಾಯ. ಎರಡೂ ಫ್ರಾನ್ಸಿನ ವಿನ್ಯಾಸ, ಎಚ್‌ಎಎಲ್ ಲೈಸೆನ್ಸ್ ಪಡೆದು ಇಲ್ಲಿ ತಯಾರಿಸಿದ್ದು. ಚೇತಕ್‌ಗೆ ಅಗಲ ಕ್ಯಾಬಿನ್, ಮುಚ್ಚಿದ ಬಾಲ. ನಿಮ್ಮ ಪುಟ್ಟ ಯಂತ್ರದಲ್ಲಿ ಅಂಥ ಬಾಡಿ ರೆಕ್ಕೆ ಕೆಳಗೆ ತಳ್ಳುವ ಗಾಳಿಗೆ ಅಡ್ಡ ನಿಲ್ಲುತ್ತೆ, ಪಕ್ಕದ ಗಾಳಿಗೂ ಸಿಕ್ಕಿಕೊಳ್ಳುತ್ತೆ. ಚೀತಾಗೆ ಗಾಜಿನ ಗುಳ್ಳೆಯಂಥ ಮುಂಭಾಗ, ಹಿಂದೆ ಬರೀ ಸರಳುಗಳ ಜಾಲರಿ. ಗಾಳಿ ಸಲೀಸಾಗಿ ಹಾದುಹೋಗುತ್ತೆ. ಚೀತಾದ ಮೂಲವಾದ ಫ್ರಾನ್ಸಿನ ಲಾಮಾ ಹೆಲಿಕಾಪ್ಟರನ್ನೇ 1972ರ ಜೂನ್ 21ರಂದು ಫ್ರೆಂಚ್ ಪೈಲಟ್ ಜ್ಯಾಂ ಬುಲೆ 12,442 ಮೀಟರಿಗೆ ಏರಿಸಿದ್ದು, ಅದೂ ಬೇಡದ್ದೆಲ್ಲ ಕಳಚಿ ಹಗುರ ಮಾಡಿಕೊಂಡು. ನಿಮಗೂ ಅದೇ ಸೂತ್ರ.

ಗುಳ್ಳೆಗೆ ಮೆದು ಮರದಲ್ಲಿ ಅಚ್ಚು ಕೆತ್ತಿ, ಮರಳುಕಾಗದದಲ್ಲಿ ನುಣ್ಣಗೆ ಉಜ್ಜಿ, ತಳ ಕತ್ತರಿಸಿದ ತೆಳು ನೀರಿನ ಬಾಟಲಿಯೊಳಗೆ ತೂರಿಸಿ. ಹಾಟ್ ಏರ್ ಗನ್ ದೂರದಿಂದ ಆಡಿಸುತ್ತಾ ಹೋದರೆ ಬಾಟಲಿ ಕುಗ್ಗಿ ಅಚ್ಚಿಗೆ ಅಂಟಿಕೊಳ್ಳುತ್ತೆ. ಒಂದೇ ಕಡೆ ಹಿಡಿದರೆ ಬೆಳ್ಳಗಾಗಿ ಸುಕ್ಕುತ್ತೆ. ಬಣ್ಣ ಒಳಮೈಗೆ, ಒಂದೇ ತೆಳು ಕೋಟ್. ಜಾಲರಿಗೆ ಊದುಬತ್ತಿಯ ಬಿದಿರು ಕಡ್ಡಿಯನ್ನು ಇನ್ನೂ ಸೀಳಿ, ನಡುವೆ ಕಪ್ಪು ನೂಲನ್ನು ಅಡ್ಡಡ್ಡ ಬಿಗಿದರೆ ಸಾಕು. ಸೀಟು, ಇಂಧನದ ಟ್ಯಾಂಕಿಗೆ ಸಾಗರ, ಸೊರಬದ ಗುಡಿಗಾರರು ಬಾಸಿಂಗಕ್ಕೆ ಬಳಸುವ ಬೆಂಡು ಸಿಕ್ಕರೆ ಅದಕ್ಕಿಂತ ಒಳ್ಳೇದು ಇಲ್ಲ. ಚೂರಿಗೆ ಸಲೀಸು, ತೂಕವೇ ಇಲ್ಲವೇನೋ ಅನ್ನುವಷ್ಟು ಹಗುರ. ನಿಜವಾದ ಚೀತಾಗೆ ಮೂರು ರೆಕ್ಕೆ ಅಂತ ಇದಕ್ಕೂ ಮೂರು ಹಾಕಲು ಹೋಗಬೇಡಿ, ಈ ತಲೆ, ಈ ಮೋಟರ್ ಎರಡಕ್ಕೇ ಲೆಕ್ಕ ಹಾಕಿ ಮಾಡಿದ್ದು.

ಮೂಲ ಮೂತಿಯ ಮುಚ್ಚಳ ತೆಗೆದು ಗಾಂಧಿ ಬಜಾರಿನ ಯಾವುದಾದರೂ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಹೊಸ ಬಾಡಿ ಪೂರ್ತಿ ಸೇರಿ ಅದಕ್ಕಿಂತ ಒಂದೆರಡು ಗ್ರಾಂ ಮೇಲೆ ಹೋಗದಿರಲಿ. ಕೂರಿಸಿದ ಮೇಲೆ ಫ್ಲೈಬಾರ್ ಹಿಡಿದು ನೇತಾಡಿಸಿ, ಮೈ ಸಮವಾಗಿ ನಿಲ್ಲಬೇಕು. ಮೂತಿ ತಗ್ಗಿದರೆ ಬ್ಯಾಟರಿ ಹಿಂದಕ್ಕೆ ಸರಿಸಿ.

ಹಾರಿಸಲು ಬೆಳಗಿನ ಹೊತ್ತು, ಕೊಯ್ಲಾದ ಗದ್ದೆ ಒಳ್ಳೇದು. ಬಿದ್ದರೂ ಮಣ್ಣು ಮೆತ್ತಗಿರುತ್ತೆ, ತೋಟದ ಹತ್ತಿರವಾದರೆ ದೋಟಿ ಹುಡುಕಬೇಕಾಗುತ್ತೆ. ಡ್ರೋನ್ ನಿಯಮ 2021ರಲ್ಲಿ 250 ಗ್ರಾಂವರೆಗಿನವು ನ್ಯಾನೊ ವರ್ಗ, ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಶಿವಮೊಗ್ಗಕ್ಕೆ ತಂದು ಹಾರಿಸುವುದಾದರೆ ಸೋಗಾನೆಯ ವಿಮಾನ ನಿಲ್ದಾಣ ನೆನಪಿರಲಿ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಹೊರಡಿ.

ರೆಕ್ಕೆ ಬಿಚ್ಚಿದಾಗ ನಡುಕ ನಿಂತಿತಾ, ಮೂತಿ ಯಾವ ಕಡೆ ತಿರುಗಿತು, ಇವೆರಡನ್ನು ನೋಡಿ ತಿಳಿಸಿ. ಯಾವ ಪಾರ್ಟ್ ತರಿಸಬೇಕು ಅಂತ ಆಗ ಹೇಳ್ತೀನಿ.