ರೀಸೇಲ್ ಟೈಮ್‌ಶೇರ್: ಬೆಲೆ ಕುದುರಿದ ಮೇಲೂ ಕೈತಪ್ಪುವುದು ಯಾಕೆ?

ಟೈಮ್‌ಶೇರ್ ಅಂದರೆ ರೆಸಾರ್ಟ್‌ನಲ್ಲಿ ವರ್ಷಕ್ಕಿಷ್ಟು ಅಂತ ತಂಗುವ ಹಕ್ಕು; ಅದನ್ನು ಹಳೇ ಮಾಲೀಕರಿಂದ ಕೊಂಡರೆ ರೀಸೇಲ್. ಹೀಗೆ ಫ್ಲಾರಿಡಾದ ಡಿಸ್ನಿ ವೆಕೇಶನ್ ಕ್ಲಬ್ (ಡಿಸ್ನಿಯ ಟೈಮ್‌ಶೇರ್ ಯೋಜನೆ) ಪಾಯಿಂಟ್, ಅಂದರೆ ತಂಗುವ ಹಕ್ಕನ್ನು ಅಳೆಯುವ ಲೆಕ್ಕ, ಕೊಳ್ಳಲು ಸಹಿ ಹಾಕಿದ್ದೀರಿ, ಆದರೂ ಬ್ರೋಕರ್ ಕಾಯಿರಿ ಅನ್ನುತ್ತಿದ್ದಾರೆ, ಅಲ್ವಾ? ಕಾರಣ, ಮೊದಲು ಕೊಳ್ಳುವ ಹಕ್ಕು ಡಿಸ್ನಿಯದ್ದು. ನಿಮ್ಮ ಒಪ್ಪಂದ ಅವರ ಮುಂದೆ ಹೋಗುತ್ತದೆ. ಬೇಕೆನಿಸಿದರೆ ನೀವು ಒಪ್ಪಿದ ಅದೇ ಬೆಲೆಗೆ ಅವರೇ ಕೊಂಡುಬಿಡುತ್ತಾರೆ. ಬೆಲೆ ಏರಿಸಿ ಪೈಪೋಟಿ ಮಾಡುವ ಹಾಗಿಲ್ಲ. ಮಾರುವವರಿಗೇನು, ದುಡ್ಡು ಯಾರು ಕೊಟ್ಟರೂ ಒಂದೇ! ನಿಮಗೆ ಮುಂಗಡ ವಾಪಸ್ ಬರುತ್ತದೆ, ವಾರಗಟ್ಟಲೆ ಕಾದಿದ್ದು ಮಾತ್ರ ದಂಡ. ತಮಾಷೆ ನೋಡಿ, ಚೌಕಾಸಿ ಮಾಡಿ ಬೆಲೆ ಇಳಿಸಿದಷ್ಟೂ ಕೈತಪ್ಪುವ ಭಯ ಜಾಸ್ತಿ.

ಸಿಕ್ಕರೂ ಒಂದು ಕೊಕ್ಕೆ ಇದೆ. ಹಳೇ ರೆಸಾರ್ಟ್‌ಗಳ ಪಾಯಿಂಟನ್ನು 2019ರ ಜನವರಿ 19ರ ನಂತರ ರೀಸೇಲ್‌ನಲ್ಲಿ ಕೊಂಡಿದ್ದರೆ ಡಿಸ್ನಿಯದೇ ಆದ ರಿವಿಯೇರಾ ರೆಸಾರ್ಟ್‌ನಲ್ಲಿ ಅದು ನಡೆಯುವುದಿಲ್ಲ. ಡಿಸ್ನಿ ಹಕ್ಕು ಬಿಟ್ಟುಕೊಟ್ಟ ಪತ್ರ ಕೈಗೆ ಬರುವ ತನಕ ಸುಮ್ನೆ ವಿಮಾನದ ಟಿಕೆಟ್ ಮಾಡಿಸಬೇಡಿ.